ಒರೆಸಬಾರದ ಯಂತ್ರ

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಒಂದು ಉಂಟು. ನೀವು ಯಂತ್ರಗಳನ್ನು ನೋಡಿಕೊಳ್ಳಲು ನೇಮಕವಾದವರಲ್ಲ, ಯಂತ್ರಗಳ ಬಗ್ಗೆ ಬರೆದ ಕಾಗದಗಳನ್ನು ನೋಡಿಕೊಳ್ಳಲು ನೇಮಕವಾದವರು. ಯಂತ್ರ ಕೆಟ್ಟರೆ ಯಾರೂ ಕೇಳುವುದಿಲ್ಲ. ಕೆಟ್ಟಿದೆ ಎಂದು ಕಾಗದದಲ್ಲಿ ಬಂದರೆ ನಿಮ್ಮ ಗ್ರಹಚಾರ ಶುರುವಾಗುತ್ತದೆ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಅಷ್ಟು ವರ್ಷ ಮೈಕೈಗೆ ಗ್ರೀಸು ಮೆತ್ತಿಕೊಳ್ಳುತ್ತಿರಲಿಲ್ಲ, ಕೂತು ಅಕ್ಷರ ಚಂದ ಮಾಡಿಕೊಳ್ಳುತ್ತಿದ್ದೆ.

ನಾನು ವಾಸು ಆಚಾರ್ಯ. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಪಾಲಿಟೆಕ್ನಿಕ್ಕಿನ ಹೆಸರು ಬೇಡ. ನನ್ನ ತಂದೆಯವರದು ಕಾರ್ಕಳದಲ್ಲಿ ಕುಲುಮೆ. ಕತ್ತಿ, ಹಾರೆ ಹಣಿಯುವ ಮನೆಯಿಂದ ಬಂದವನು ನಾನು, ಲೇತಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ ಕೆಲಸ ಕಲಿತವನು. ಆ ಕಾಲದಲ್ಲಿ ತುಂಡು ಸರಿಯಾಗಿ ಬಾರದಿದ್ದರೆ ಕೈಯನ್ನು ಬೈಯುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ನಮ್ಮಲ್ಲಿ ಸಿಎನ್‌ಸಿ ಬಂತು. ಆಮೇಲೆ ಯಾರನ್ನು ಬೈಯಬೇಕೆಂದು ಹುಡುಕುವುದೇ ಒಂದು ಇಲಾಖೆಯ ಕೆಲಸವಾಯಿತು.

ಸಿಎನ್‌ಸಿ ಎಂದರೆ ಭಾರೀ ಕಲ್ಪನೆ ಬೇಡ. ಮೇಜಿನ ಮೇಲೆ ಕೂರುವಷ್ಟೇ ದೊಡ್ಡ ಯಂತ್ರ. ಪಕ್ಕದ ಕಂಪ್ಯೂಟರಿಗೆ ಅಂಕಿ ಬರೆದುಕೊಟ್ಟರೆ ಅದರ ಹಲಗೆ ಆಚೆ ಈಚೆ ಸರಿದು, ಸಣ್ಣ ಕಟರು ಮೇಲೆ ಕೆಳಗೆ ಆಡಿ, ಅಲ್ಯೂಮಿನಿಯಂ ತುಂಡಿನಲ್ಲಿ ಆಕಾರ ಕೊರೆಯುತ್ತದೆ. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳ ಹೆಸರನ್ನೇ ಕೊರೆಯುವ ಏರ್ಪಾಡಾಗಿತ್ತು. ನಡುವೆ ಕರೆಂಟು ಹೋಯಿತು. ಅತಿಥಿಗಳು ತಮ್ಮ ಹೆಸರಿನ ಮುಕ್ಕಾಲು ಪಾಲನ್ನು ಶಾಲಿನ ಜೊತೆ ತೆಗೆದುಕೊಂಡು, ಭಾರತ ಮುಂದೆ ಹೋಗುತ್ತಿದೆ ಎಂದು ಹೇಳಿ ಊಟಕ್ಕೆ ಹೋದರು.

ಯಂತ್ರಕ್ಕೆ ತಂಪು ಬೇಕೆಂದು ಎಸಿ ಹಾಕಿಸಿದರು. ಇಡೀ ಸಂಸ್ಥೆಗೆ ಅದೊಂದೇ ಎಸಿ. ನಮ್ಮ ವಿಭಾಗದ ಮುಖ್ಯಸ್ಥರು, ಎಲ್ಲರೂ ರಾಯರು ಎನ್ನುತ್ತಿದ್ದೆವು, ಆ ಕೋಣೆಯ ಬೀಗದ ಕೈಯನ್ನು ತಮ್ಮ ಸೊಂಟದಲ್ಲೇ ಇಟ್ಟುಕೊಂಡರು. ಮಧ್ಯಾಹ್ನ ಊಟವಾದ ಮೇಲೆ ಅವರು ಒಂದು ಗಂಟೆ ಯಂತ್ರದ ಅಧ್ಯಯನ ಮಾಡುತ್ತಿದ್ದರು. ಹೊರಗೆ ಗೊರಕೆ ಕೇಳಿಸುತ್ತಿತ್ತು. ವಿದ್ಯಾರ್ಥಿಗಳು ಗಾಜಿನ ಆಚೆಯಿಂದ ಯಂತ್ರ ನೋಡಿ, ಪರೀಕ್ಷೆಯಲ್ಲಿ ಅದರ ಚಿತ್ರ ಬಿಡಿಸಿ ಪಾಸಾದರು.

ಎರಡು ಸಾವಿರದ ಆಚೆಗಿನ ಒಂದು ವರ್ಷ, ನವರಾತ್ರಿಗೆ ಸ್ವಲ್ಪ ಮೊದಲು, ಬೆಂಗಳೂರಿನಿಂದ ಕಂಪನಿಯ ಎಂಜಿನಿಯರ್ ಸರ್ವಿಸಿಗೆ ಬಂದರು. ಒಳ್ಳೆಯ ಜನ. ಯಂತ್ರದ ಮೂಲೆಯಲ್ಲಿದ್ದ ಒಂದು ಕಪ್ಪು ತುಂಡನ್ನು ನನಗೆ ತೋರಿಸಿದರು. ಲಾಳದ ಆಕಾರ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಅದರ ಒಂದು ಬದಿಯಿಂದ ಇನ್ನೊಂದು ಬದಿಗೆ ನಮಗೆ ಕಾಣದ ಬೆಳಕು ಹಾಯುತ್ತಿರುತ್ತದೆ. ಹಲಗೆ ಮೂಲೆಗೆ ಬಂದಾಗ ಅದಕ್ಕೆ ಅಂಟಿಸಿದ ತಗಡು ಆ ಬೆಳಕಿಗೆ ಅಡ್ಡವಾಗುತ್ತದೆ. ಬೆಳಕು ನಿಂತ ಕೂಡಲೇ ಯಂತ್ರ ‘ನಾನು ಮನೆಗೆ ಬಂದೆ’ ಎಂದುಕೊಂಡು, ಅಲ್ಲಿಂದ ಅಳತೆ ಶುರುಮಾಡುತ್ತದೆ.

“ಇದೇ ಇದರ ಕಣ್ಣು ಆಚಾರ್ಯರೇ. ಇದಿಲ್ಲದಿದ್ದರೆ ತಾನು ಎಲ್ಲಿದ್ದೇನೆ ಅಂತಾನೇ ಇದಕ್ಕೆ ಗೊತ್ತಾಗಲ್ಲ,” ಎಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಗಂಧವನ್ನು ಎಲ್ಲೆಂದರಲ್ಲಿ ಹಚ್ಚುವ ಕ್ರಮವಿಲ್ಲ. ಉಳಿಗೆ ಅದರ ಬಾಯಿಗೆ, ಸುತ್ತಿಗೆಗೆ ಅದರ ಮುಖಕ್ಕೆ, ತಿದಿಗೆ ಅದರ ಮೂಗಿಗೆ. ಆಯುಧದ ಜೀವ ಎಲ್ಲಿದೆಯೋ ಅಲ್ಲಿಗೇ ಗಂಧ ಮುಟ್ಟಬೇಕೆಂದು ತಂದೆಯವರು ಹೇಳುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಈ ಯಂತ್ರದ ಜೀವ ಎಲ್ಲಿದೆ ಎಂದು ಗೊತ್ತಾಗದೆ ಹೊರಗಿನ ತಗಡಿಗೆ ಒಂದು ಬೊಟ್ಟು ಇಟ್ಟು ಕೈಮುಗಿದಿದ್ದೆ. ಈ ಸಲ ಗೊತ್ತಾಯಿತಲ್ಲ. ಸಾಣೆಕಲ್ಲಿನಲ್ಲಿ ತೇಯ್ದ ಗಂಧವನ್ನು ಬೆರಳ ತುದಿಯಲ್ಲಿ ತೆಗೆದು, ಆ ಲಾಳದ ಸಂದಿಗೆ ಸರಿಯಾಗಿ ಇಟ್ಟೆ. ದೇವರಾಣೆ, ಅಷ್ಟು ಭಕ್ತಿಯಿಂದ ನನ್ನ ಸ್ವಂತ ಬೈಕಿಗೂ ಹಚ್ಚಿದವನಲ್ಲ.

ಓದುವವರು ಈಗಲೇ ನಗುತ್ತಿರಬಹುದು. ನಗಿ ಮಾರಾಯ್ರೆ. ನಿಮಗೆ ಒಂದು ನಿಮಿಷದಲ್ಲಿ ಹೊಳೆದದ್ದು ನನಗೆ ಹೊಳೆಯಲು ನಾಲ್ಕು ತಿಂಗಳು ಬೇಕಾಯಿತು.

ರಜೆ ಮುಗಿದು ಬಾಗಿಲು ತೆಗೆದ ದಿನ ಶಾಂತವ್ವ ಯಂತ್ರದ ಮೇಲಿನ ಒಣಗಿದ ಹೂ, ಕುಂಕುಮ ಎಲ್ಲ ತೆಗೆಯುತ್ತಿದ್ದರು. ಶಾಂತವ್ವ ಬಾಗಲಕೋಟೆ ಕಡೆಯವರು, ನಮ್ಮಲ್ಲಿ ಗುಡಿಸಿ ಒರೆಸುವ ಕೆಲಸ, ಮೂರು ವರ್ಷದಿಂದ ತಾತ್ಕಾಲಿಕ. ಗಂಡ ಮಣಿಪಾಲದಲ್ಲಿ ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಮನೆ ಎಂದರೆ ನಮ್ಮ ವರ್ಕ್‌ಶಾಪಿನ ಹಿಂದಿನ ಒಂದು ಕೋಣೆ, ಕೆಲಸದ ಜೊತೆ ಸಂಸ್ಥೆಯೇ ಕೊಟ್ಟದ್ದು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಆ ದಿನ ನಾನು ಯಂತ್ರದ ಕೋಣೆಯಲ್ಲೇ ಒಂದು ತುಂಡಿಗೆ ಅರ ಹಾಕುತ್ತಿದ್ದೆ. ಅವರ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ್ದೆ. ಅದು ಒಣಬಟ್ಟೆ.

ಅಷ್ಟರಲ್ಲಿ ರಾಯರು ಬೇರೆ ಕಾಲೇಜಿನ ಇಬ್ಬರು ಮೇಷ್ಟ್ರುಗಳನ್ನು ಕರೆದುಕೊಂಡು ಬಂದರು. ಸ್ವಿಚ್ಚು ಹಾಕಿದರು. ಹಲಗೆ ಮೂಲೆಗೆ ಹೋಗಬೇಕಿತ್ತು, ಹೋಗಲಿಲ್ಲ. ನಡುಮಧ್ಯದಲ್ಲಿ ನಿಂತುಕೊಂಡೇ ‘ಮನೆಗೆ ಬಂದೆ’ ಎಂದು ಕಂಪ್ಯೂಟರಿಗೆ ತಿಳಿಸಿತು. ಆಮೇಲೆ ಕೆಲಸಕ್ಕೆ ಹೊರಟು, ನೇರ ಎದುರಿನ ಗೋಡೆಗೆ ಹೋಗಿ ಕಟಕಟಕಟ ಎಂದು ಬಡಿದುಕೊಳ್ಳತೊಡಗಿತು. ಅತಿಥಿಗಳು ಎರಡು ಹೆಜ್ಜೆ ಹಿಂದೆ ಸರಿದರು. ರಾಯರ ಕಣ್ಣು ಶಾಂತವ್ವನ ಕೈಗೆ ಹೋಯಿತು.

“ಎಂತದು ಅದು ಕೈಯಲ್ಲಿ?”

“ಅರಬಿ ರೀ ಸರ್. ಹೂ ಒರಸಾಕತ್ತಿದ್ನಿ.”

“ಎಲೆಕ್ಟ್ರಾನಿಕ್ಸಿಗೆ ಒದ್ದೆ ಬಟ್ಟೆ! ಅಯ್ಯೋ ದೇವರೇ!”

“ಒಣಾ ಐತ್ರಿ ಸರ್. ಮುಟ್ಟಿ ನೋಡ್ರಿ ಬೇಕಾರ.”

ರಾಯರು ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, “ಆಚಾರ್ಯರೇ, ಒದ್ದೆ ಇತ್ತಲ್ವಾ?” ಎಂದರು.

ಲ್ಯಾಬು ನನ್ನ ಸುಪರ್ದಿಯಲ್ಲಿತ್ತು. ತಪ್ಪು ಶಾಂತವ್ವನದಲ್ಲದಿದ್ದರೆ ನನ್ನದಾಗುತ್ತದೆ ಎಂಬುದು ಆ ಕ್ಷಣಕ್ಕೇ ನನಗೆ ಹೊಳೆಯಿತು. ಅಂಥವೆಲ್ಲ ಬೇಗ ಹೊಳೆಯುತ್ತವೆ. “ನಾನು ಸರಿಯಾಗಿ ನೋಡಲಿಲ್ಲ ಸರ್,” ಎಂದೆ.

ವಾರದೊಳಗೆ ಅವರ ಕೆಲಸ ಹೋಯಿತು. ಕೋಣೆ ಖಾಲಿ ಮಾಡುವ ದಿನ ಶಾಂತವ್ವ ಲ್ಯಾಬಿನ ಬಾಗಿಲಿಗೆ ಬಂದು, “ಸರ್, ನೀವು ನೋಡಿದ್ರಲ್ಲ?” ಎಂದಷ್ಟೇ ಕೇಳಿದರು. ನಾನು ತುಂಡು ಕಚ್ಚಿ ಹಿಡಿಯುವ ವೈಸಿನಲ್ಲಿ ಏನೋ ಬಿಗಿಯುತ್ತಿರುವ ಹಾಗೆ ಮಾಡಿದೆ. ವೈಸಿನಲ್ಲಿ ಏನೂ ಇರಲಿಲ್ಲ. ಇಂದಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಅದೇ ವಾರ ರಾಯರು ಸುತ್ತೋಲೆ ಹೊರಡಿಸಿ ಮೂರು ಕಡೆ ಅಂಟಿಸಿದರು: ‘ಸಿಎನ್‌ಸಿ ಯಂತ್ರವನ್ನು ಯಾರೂ ಯಾವುದೇ ಬಟ್ಟೆಯಿಂದ ಒರೆಸತಕ್ಕದ್ದಲ್ಲ.’ ಕಂಪನಿಯ ಎಂಜಿನಿಯರ್ ಮತ್ತೆ ಬಂದರು. ಸುತ್ತೋಲೆ ಓದಿ, ರಾಯರಿಂದ ಒದ್ದೆ ಬಟ್ಟೆಯ ಕಥೆ ಕೇಳಿ, ತಲೆಯಾಡಿಸಿ, ಕಂಪ್ಯೂಟರಿನೊಳಗಿನ ಕಂಟ್ರೋಲ್ ಕಾರ್ಡು ಹೋಗಿದೆ ಎಂದರು. ನೀರು ಬಿದ್ದ ಮೇಲೆ ಕಾರ್ಡಲ್ಲದೆ ಇನ್ನೇನು ಹೋಗುತ್ತದೆ? ಆ ಮಾದರಿಯನ್ನೇ ಕಂಪನಿ ನಿಲ್ಲಿಸಿದೆ, ಕಾರ್ಡು ಸಿಗುವುದಿಲ್ಲ ಎಂದು ಹೇಳಿ ಕಾಫಿ ಕುಡಿದು ಹೋದರು. ಸಂಸ್ಥೆಯ ಮಾನ್ಯತೆ ನವೀಕರಿಸುವ ತಪಾಸಣಾ ಸಮಿತಿ ಬರಲು ನಾಲ್ಕು ತಿಂಗಳಿತ್ತು, ಅಷ್ಟರೊಳಗೆ ಯಂತ್ರ ಓಡಬೇಕಿತ್ತು.

“ನಿಮಗೆ ರೇಡಿಯೋ ಬಿಚ್ಚುವ ಹುಚ್ಚು ಉಂಟಲ್ವಾ ಆಚಾರ್ಯರೇ? ಏನಾದ್ರೂ ಮಾಡಿ,” ಎಂದರು ರಾಯರು.

ಹುಚ್ಚು ಹೌದು. ಅಂಚೆಯಲ್ಲಿ ಕಿಟ್ಟು ತರಿಸಿ ರೇಡಿಯೋ, ಕಾಲಿಂಗ್ ಬೆಲ್ಲು ಜೋಡಿಸುವುದು ನನ್ನ ಭಾನುವಾರದ ಕೆಲಸವಾಗಿತ್ತು. ಕಾಪು ಪೇಟೆಯಲ್ಲಿ ಹಮೀದಾಕನ ರಿಪೇರಿ ಅಂಗಡಿಗೆ ಹೋದೆ. ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಪೈಕಿ ಹಿರಿಯರು, ಗಲ್ಫಿನಲ್ಲಿ ಇಪ್ಪತ್ತು ವರ್ಷ ಟಿವಿ ರಿಪೇರಿ ಮಾಡಿ ಬಂದವರು. ಅಂಗಡಿಯ ಹಿಂದೆ ಸತ್ತ ಪ್ರಿಂಟರುಗಳನ್ನು ಗೋಣಿಗಟ್ಟಲೆ ಇಟ್ಟುಕೊಂಡಿದ್ದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಥೆಯೆಲ್ಲ ಕೇಳಿ ಅವರು ಮೊದಲು ಕೇಳಿದ ಪ್ರಶ್ನೆ ಇದು:

“ಒಮ್ಮೆ ಚೆಂದ ಮಾಡಿ ಒರೆಸಿ ನೋಡಿದ್ರಾ ಆಚಾರ್ರೆ?”

“ಒರೆಸಿಯೇ ಹಾಳಾದದ್ದು ಅದು. ಈಗ ಒರೆಸಬಾರದು ಅಂತ ಆರ್ಡರ್ ಉಂಟು.”

“ಹಾಗಾದ್ರೆ ಬೇಡಪ್ಪ,” ಎಂದು ಅವರು ಪ್ರಿಂಟರಿನ ಗೋಣಿ ಬಿಚ್ಚತೊಡಗಿದರು.

ನಾಲ್ಕು ತಿಂಗಳ ಕೆಲಸವನ್ನು ಚುಟುಕಾಗಿ ಹೇಳುತ್ತೇನೆ. ಆ ಕಾರ್ಡಿಲ್ಲದೆ, ಕಂಪ್ಯೂಟರಿಗೆ ಪ್ರಿಂಟರ್ ಸಿಕ್ಕಿಸುವ ಇಪ್ಪತ್ತೈದು ತೂತಿನ ಕಿಂಡಿಯಿಂದಲೇ ಮೋಟಾರುಗಳನ್ನು ಆಡಿಸಬಹುದೆಂದು ಒಂದು ಪತ್ರಿಕೆಯಲ್ಲಿ ಓದಿದ್ದೆ. ಮಣಿಪಾಲದ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಪರದೇಶದ ಯಾರೋ ಪುಣ್ಯಾತ್ಮ ಬಿಟ್ಟಿಯಾಗಿ ಕೊಟ್ಟ ಪ್ರೋಗ್ರಾಮನ್ನು ಫ್ಲಾಪಿಗೆ ಇಳಿಸಿಕೊಂಡೆ. ಪ್ರಿಂಟರುಗಳ ಹೊಟ್ಟೆಯಿಂದ ಹಮೀದಾಕ ಟ್ರಾನ್ಸಿಸ್ಟರು, ಪಟ್ಟಿ ಕೇಬಲ್ಲು, ಪವರ್ ಸಪ್ಲೈ ತೆಗೆದುಕೊಟ್ಟರು. ಮೊದಲ ದಿನವೇ ಕೇಬಲ್ಲನ್ನು ತಿರುಗಾಮುರುಗಾ ಸಿಕ್ಕಿಸಿ ಕಂಪ್ಯೂಟರಿನ ಕಿಂಡಿ ಸುಟ್ಟೆ. ಎರಡನೆಯ ಕಂಪ್ಯೂಟರನ್ನು ಸುಟ್ಟದ್ದು ಮೊದಲನೆಯದು ಹೇಗೆ ಸುಟ್ಟಿತೆಂದು ರಾಯರಿಗೆ ತೋರಿಸುವಾಗ. ಟ್ರಾನ್ಸಿಸ್ಟರುಗಳು ದೋಸೆ ಕಾವಲಿಯಂತೆ ಕಾಯುತ್ತಿದ್ದವು. ಹಳೇ ಆಂಪ್ಲಿಫಯರಿನ ಅಲ್ಯೂಮಿನಿಯಂ ರೆಕ್ಕೆ ಕೊಯ್ದು, ಬಿಸಿ ಆರಲೆಂದು ಅವಕ್ಕೆ ಕೂರಿಸಿದೆವು. ಇಷ್ಟನ್ನೂ ಗಲ್ಫಿನ ಹಾಲಿನ ಪುಡಿಯ ದೊಡ್ಡ ಡಬ್ಬಿಯಲ್ಲಿ ತುಂಬಿದೆವು. ರಾಯರು ಡಬ್ಬಿಗೆ ಬೂದುಬಣ್ಣ ಹೊಡೆಸಿ ವಿಭಾಗದ ಹೆಸರು ಬರೆಸಿದರು.

ಮೋಟಾರುಗಳು ಮೇಜಿನ ಮೇಲೆ ತಿರುಗಿದ ದಿನವೇ ರಾಯರು ಪ್ರಬಂಧ ಬರೆಯಲು ಕೂತರು. ಯಂತ್ರ ಇನ್ನೂ ಒಂದು ಗೆರೆ ಎಳೆದಿರಲಿಲ್ಲ, ಅಷ್ಟರಲ್ಲಿ ಅದರ ಯಶಸ್ಸಿನ ಬಗ್ಗೆ ಒಂದು ವಿಚಾರಗೋಷ್ಠಿಯಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿ ಬಂದರು. ಕೃತಜ್ಞತೆಯ ಕೊನೆಯ ಸಾಲಿನಲ್ಲಿ, ಟೈಪು ಮಾಡಿದವರ ಹೆಸರಿನ ನಂತರ ನನ್ನ ಹೆಸರಿತ್ತು. ಹಾಲಿನ ಪುಡಿಯ ಸುದ್ದಿ ಇರಲಿಲ್ಲ.

ಆ ತಿಂಗಳುಗಳಲ್ಲಿ ನನಗೆ ಒಂದೇ ತೊಂದರೆ ಇದ್ದದ್ದು ಕಟಪಾಡಿಯಲ್ಲಿ. ನನ್ನ ಮನೆ ಅಲ್ಲಿ. ಬೆಳಿಗ್ಗೆ ಜಂಕ್ಷನ್ನಿನಲ್ಲಿ ಕೂಲಿಯವರು ಗುಂಪಾಗಿ ನಿಂತಿರುತ್ತಾರೆ, ಮೇಸ್ತ್ರಿಗಳು ಬಂದು ಬೇಕಾದವರನ್ನು ಕರೆದುಕೊಂಡು ಹೋಗುತ್ತಾರೆ. ಆ ಗುಂಪಿನಲ್ಲಿ ಒಂದು ದಿನ ಶಾಂತವ್ವನನ್ನು ಕಂಡೆ. ಕೈಯಲ್ಲಿ ಬುತ್ತಿಯ ಚೀಲ. ಯಾರೂ ಕರೆಯದೆ ನಿಂತಿದ್ದರು. ಮರುದಿನದಿಂದ ನಾನು ಬಸ್ಸಿಗೆ ನಿಲ್ಲುವ ಜಾಗ ಬದಲಿಸಿದೆ.

ಸಮಿತಿ ಬರಲು ಮೂರು ದಿನ ಇರುವಾಗ ಡಬ್ಬಿಯನ್ನು ಯಂತ್ರಕ್ಕೆ ಜೋಡಿಸಿದೆವು. ಹಮೀದಾಕನೂ ಬಂದಿದ್ದರು. ಸ್ವಿಚ್ಚು ಹಾಕಿದೆ. ಹಲಗೆ ನಡುಮಧ್ಯದಲ್ಲಿ ನಿಂತು ‘ಮನೆಗೆ ಬಂದೆ’ ಎಂದಿತು. ಹೋಗಿ ಗೋಡೆಗೆ ಕಟಕಟಕಟ ಬಡಿಯಿತು.

ಕಾರ್ಡು ಹೊಸತು, ವಯರು ಹೊಸತು, ಪ್ರೋಗ್ರಾಮು ಹೊಸತು. ರೋಗ ಮಾತ್ರ ಅದೇ. ನಾನು ತಲೆಗೆ ಕೈಯಿಟ್ಟು ಕೂತೆ. ಹಮೀದಾಕ ಕನ್ನಡಕ ಏರಿಸಿ, ಟಾರ್ಚು ಬಿಟ್ಟು, ಯಂತ್ರದ ಮೂಲೆಗೆ ಮೂಗು ತಾಗಿಸಿ ನೋಡಿದರು.

“ಆಚಾರ್ರೆ, ಇದಕ್ಕೆ ಬೊಟ್ಟು ಇಟ್ಟದ್ದು ಯಾರು?”

ಅವರು ಕಿವಿಗೆ ಹಾಕುವ ಹತ್ತಿಕಡ್ಡಿಗೆ ಸ್ಪಿರಿಟ್ ಮುಟ್ಟಿಸಿ ಲಾಳದ ಸಂದಿಯನ್ನು ಒರೆಸಿದರು. ಹತ್ತಿ ಹಳದಿಯಾಯಿತು. ಲ್ಯಾಬಿನಲ್ಲೆಲ್ಲ ಗಂಧದ ಪರಿಮಳ. ಸ್ವಿಚ್ಚು ಹಾಕಿದರೆ ಹಲಗೆ ವಿಧೇಯವಾಗಿ ಮೂಲೆಗೆ ಹೋಗಿ ನಿಂತಿತು. ನನಗೆ ಬೇರೆಯೇ ಅನುಮಾನ ಬಂತು. ಡಬ್ಬಿ ಕಳಚಿ, ಸತ್ತಿದೆ ಎಂದು ಮೂಲೆಗೆ ಎಸೆದಿದ್ದ ಹಳೇ ಕಾರ್ಡನ್ನು ಹಾಕಿ ನೋಡಿದೆ. ಅದೂ ಸರಿಯಾಗಿ ಓಡಿತು. ಅದಕ್ಕೆ ಯಾವತ್ತೂ ಏನೂ ಆಗಿರಲೇ ಇಲ್ಲ.

ಹಮೀದಾಕ ಮೇಜು ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮುಖ ನೋಡಿ ಅವರೂ ನಿಲ್ಲಿಸಿದರು. “ಆ ಹೆಂಗಸು ಈಗ ಎಲ್ಲಿದ್ದಾರೆ ಮಾರಾಯ್ರೆ?” ಎಂದರು.

ರಾಯರಿಗೆ ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿಕೊಂಡು, “ಇದು ಗಂಧದಿಂದ ಆದದ್ದು ಅಂತಾದ್ರೆ ನನ್ನ ಪ್ರಬಂಧ ಎಂತದ್ದರ ಬಗ್ಗೆ ಆಚಾರ್ಯರೇ? ಆ ಹಳೇ ಕಾರ್ಡು ಎಲ್ಲಿಯಾದ್ರೂ ಬಿಸಾಡಿ. ಹೋದ ಹೆಂಗಸು ಹೋಗಿ ಆಯ್ತು,” ಎಂದರು. ಅವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಅದೇ ಮಾತನ್ನು ನಾನೂ ನಾಲ್ಕು ತಿಂಗಳು ಮನಸ್ಸಿನಲ್ಲಿ ಹೇಳಿಕೊಂಡವನೇ.

ಸಮಿತಿ ಬಂತು. ಯಂತ್ರ ಸಮಿತಿಯ ಹಿರಿಯ ಸದಸ್ಯರ ಹೆಸರನ್ನು ಪೂರ್ತಿಯಾಗಿ ಕೊರೆಯಿತು. ಅವರು ಖುಷಿಯಾಗಿ, ಮೊದಲು ಕೆಟ್ಟದ್ದು ಯಾತರಿಂದ ಎಂದು ಕೇಳಿದರು.

“ತರಬೇತಿ ಇಲ್ಲದ ಸಿಬ್ಬಂದಿ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರಿಂದ ಸರ್,” ಎಂದರು ರಾಯರು.

“ಅಲ್ಲ ಸರ್,” ಎಂದೆ. “ಬಟ್ಟೆ ಒಣಗಿತ್ತು. ಅವರ ತಪ್ಪು ಏನೂ ಇಲ್ಲ. ಆಯುಧಪೂಜೆಗೆ ನಾನೇ ಅದರ ಕಣ್ಣಿಗೆ ಗಂಧ ಹಚ್ಚಿದ್ದು. ಹಳೇ ಕಾರ್ಡು ಸರಿ ಉಂಟು, ಬೇಕಾದರೆ ಈಗಲೇ ಹಾಕಿ ತೋರಿಸುತ್ತೇನೆ.”

ತೋರಿಸಿದೆ. ಹಿರಿಯರು ಬಹಳ ಹೊತ್ತು ನಕ್ಕು ಕಣ್ಣೊರೆಸಿಕೊಂಡರು. ವರದಿಯಲ್ಲಿ ‘ಸಂಸ್ಥೆಯಲ್ಲಿ ಸಂಪ್ರದಾಯ ಮತ್ತು ತಂತ್ರಜ್ಞಾನಗಳ ಉತ್ತಮ ಸಮನ್ವಯವಿದೆ’ ಎಂದು ಬರೆದು ಹೋದರು. ರಾಯರು ನಿವೃತ್ತರಾಗುವವರೆಗೂ ನನ್ನ ಜೊತೆ ಟಿಪ್ಪಣಿಯ ಮೂಲಕವೇ ಮಾತಾಡಿದರು.

ಪ್ರಿನ್ಸಿಪಾಲರ ಹತ್ತಿರ ಹೋಗಿ ಶಾಂತವ್ವನನ್ನು ವಾಪಸು ತೆಗೆದುಕೊಳ್ಳಬೇಕೆಂದೆ. ಅವರು ಒಪ್ಪಿ ಆದೇಶ ಟೈಪು ಮಾಡಿಸಿದರು. ಅದನ್ನು ಹಿಡಿದುಕೊಂಡು ಕಟಪಾಡಿಯಲ್ಲಿ ವಿಚಾರಿಸಿದೆ. ಪಡುಬಿದ್ರಿಯಲ್ಲಿ ಹೆದ್ದಾರಿ ಪಕ್ಕ ಏಳುತ್ತಿದ್ದ ಒಂದು ಕಟ್ಟಡದಲ್ಲಿದ್ದಾರೆ ಎಂದರು. ಹೋದರೆ ಶಾಂತವ್ವ ಬಾಂಡ್ಲಿಯಲ್ಲಿ ಜಲ್ಲಿ ಹೊರುತ್ತಿದ್ದರು. ಕಾಂಕ್ರೀಟು ಮಿಕ್ಸರಿನ ಹತ್ತಿರ ಬಂದಾಗೆಲ್ಲ ಮೇಸ್ತ್ರಿ, ಅವರ ಕಡೆಯವನೇ, “ಏ ಶಾಂತವ್ವ, ದೂರ ನಿಂದ್ರು. ಒಂದ್ ಮಿಷನ್ ಕೆಡಿಸಿ ಬಂದೀದಿ, ಇದನ್ನ ಮುಟ್ಟಬ್ಯಾಡ,” ಎಂದು ಕೂಗುತ್ತಿದ್ದ. ಬೇರೆಯವರು ನಗುತ್ತಿದ್ದರು. ಶಾಂತವ್ವ ಕೆಲಸ ಕಳೆದುಕೊಂಡ ಕಾರಣ ಅಲ್ಲಿಯವರೆಗೂ ತಲುಪಿತ್ತು.

ನಾನು ಗಂಧದ ಕಥೆ ಹೇಳಿದೆ. ಒಣಬಟ್ಟೆ ನೋಡಿಯೂ ನೋಡಲಿಲ್ಲ ಎಂದದ್ದನ್ನೂ ಹೇಳಿದೆ. ಅವರು ಬಾಂಡ್ಲಿ ಕೆಳಗಿಟ್ಟರು. “ಕಾಗದ ಓದ್ರಿ,” ಎಂದರು.

“‘ಮಾನವೀಯ ನೆಲೆಯಲ್ಲಿ ಪರಿಗಣಿಸಿ, ಸದರಿಯವರ ಹಿಂದಿನ ತಪ್ಪನ್ನು ಮನ್ನಿಸಿ, ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ.’”

“ಯಾರ ತಪ್ಪು ರೀ?”

“ಅದು... ಹಾಗೆ ಬರೆಯುವ ಕ್ರಮ.”

“ತಪ್ಪ ಮಾಡಿದವರು ನೀವು. ಮಾಫಿ ನನಗ್ಯಾಕ್ರಿ? ಒಯ್ರಿ ಅದನ್ನ.”

ಬಾಂಡ್ಲಿ ಎತ್ತಿಕೊಂಡು ಹೋಗಿಯೇಬಿಟ್ಟರು. ಅವರಿಗೆ ಆ ಕೆಲಸ ಎಷ್ಟು ಬೇಕಿತ್ತು, ಕಾಲು ಮುರಿದ ಗಂಡನಿಗೆ ಆ ಕೋಣೆ ಎಷ್ಟು ಬೇಕಿತ್ತು ಎಂದು ನನಗೆ ಗೊತ್ತಿತ್ತು. ಆದರೂ ಹೋದರು. ಬಸ್ಸಿನಲ್ಲಿ ಕೂತು ಆ ಕಾಗದವನ್ನು ನಾಲ್ಕು ಸಲ ಓದಿದೆ. ಅವರು ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇರಲಿಲ್ಲ.

ಪ್ರಿನ್ಸಿಪಾಲರು ತಲೆ ಕೆರೆದುಕೊಂಡರು. “ಅವರ ತಪ್ಪಿಲ್ಲ ಅಂತ ಬರೆದ್ರೆ ಯಾರದ್ದು ಅಂತ ಬರೀಬೇಕಾಗ್ತದೆ ಆಚಾರ್ರೇ. ಫೈಲಿನಲ್ಲಿ ಜಾಗ ಖಾಲಿ ಬಿಡ್ಲಿಕ್ಕೆ ಆಗೂದಿಲ್ಲ.”

“ನನ್ನ ಹೆಸರು ಬರೆಯಿರಿ ಸರ್.”

“ಬರೀಬಹುದು. ಆದ್ರೆ ಗಂಧ, ಪೂಜೆ ಅಂತೆಲ್ಲ ಬೇಡ. ನಾಳೆ ಪೇಪರಿನಲ್ಲಿ ಬಂದ್ರೆ ಯಾರಿಗೆ ಬೇಕು ರಗಳೆ?”

ಮೂರು ವಾರ, ಐದು ಕರಡು. ಕೊನೆಗೆ ಗಂಧ ‘ಅನಧಿಕೃತ ಪದಾರ್ಥದ ಲೇಪನ’ವಾಯಿತು. ಒಣಬಟ್ಟೆಯ ಸಂಗತಿಯೂ ಸೇರಬೇಕೆಂದು ನಾನು ಹಟ ಹಿಡಿದೆ, ಅದು ‘ಸತ್ಯಾಂಶ ಮರೆಮಾಚುವಿಕೆ’ಯಾಯಿತು. ಎರಡೂ ನನ್ನ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿವೆ. ಆಮೇಲೆ ಬಡ್ತಿಯ ಪಟ್ಟಿ ಬಂದಾಗೆಲ್ಲ ಅವು ನನಗಿಂತ ಮೊದಲು ಹೋಗಿ ಕೂತಿರುತ್ತಿದ್ದವು, ಆದ್ದರಿಂದ ಬಡ್ತಿಯ ವಿಷಯ ಇಲ್ಲಿ ಬರೆಯುವುದಕ್ಕೆ ಏನೂ ಇಲ್ಲ.

ಹೊಸ ಆದೇಶ ಹಿಡಿದು ಮತ್ತೆ ಪಡುಬಿದ್ರಿಗೆ ಹೋದೆ. ಆ ದಿನ ಸ್ಲ್ಯಾಬು ಹಾಕುತ್ತಿದ್ದರು. ಮಿಕ್ಸರು ಗಡಗಡ ಎನ್ನುತ್ತಿತ್ತು, ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಂತಿದ್ದರು. ಶಾಂತವ್ವ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, “ಓದ್ರಿ,” ಎಂದರು. ಅವರಿಗೆ ಕೇಳುವಷ್ಟು ಓದಿದೆ.

“ಜೋರಾಗಿ ಓದ್ರಿ ಸರ್. ಮೇಸ್ತ್ರಿಗೂ ಕೇಳಲಿ.”

ನಾನು ಗಂಟಲು ಹರಿಯುವ ಹಾಗೆ ಕೂಗಿದೆ. “ಶ್ರೀಮತಿ ಶಾಂತವ್ವ ಇವರಿಂದ ಯಾವುದೇ ತಪ್ಪು ಆಗಿರುವುದಿಲ್ಲ! ಸದರಿ ತಪ್ಪು ಮೆಕ್ಯಾನಿಕ್ ವಾಸು ಆಚಾರ್ಯ ಇವರದ್ದಾಗಿರುತ್ತದೆ!” ಮಿಕ್ಸರಿನ ಸದ್ದಿಗೆ ಅರ್ಧವೂ ಯಾರಿಗೂ ಮುಟ್ಟಲಿಲ್ಲ. ಮೇಸ್ತ್ರಿ ಕಿವಿಗೆ ಕೈಹಚ್ಚಿ “ಏನ್ರೀ?” ಎಂದ.

ಶಾಂತವ್ವ ಅವನ ಮುಂದಿನಿಂದಲೇ ನಡೆದುಹೋದರು. ಮಿಕ್ಸರಿನ ಹತ್ತಿರ ನಿಂತು, ಕೈಚಾಚಿ, ಅದನ್ನು ತಾವೇ ಬಂದ್ ಮಾಡಿದರು. ಡ್ರಮ್ಮು ಎರಡು ಸುತ್ತು ತಿರುಗಿ ನಿಂತಿತು. ಸಾಲಿನಲ್ಲಿದ್ದ ಅಷ್ಟೂ ಜನ ನಮ್ಮ ಕಡೆ ನೋಡಿದರು. ಮೇಸ್ತ್ರಿ ಕಿವಿಯಿಂದ ಕೈ ತೆಗೆದ.

“ಈಗ ಓದ್ರಿ ಸರ್,” ಎಂದರು ಶಾಂತವ್ವ. ನಾನು ಮೊದಲಿನಿಂದ ಓದಿದೆ.